ಕ್ರಿಸ್ಟಿಯೋ, ಸೇಯರ್ಸೋ, ಕಾರೋ: ಸುವರ್ಣಯುಗದ ಪತ್ತೇದಾರಿ ಲೇಖಕರಲ್ಲಿ ನಿಮಗೆ ಒಗ್ಗುವವರು ಯಾರು?

ಎರಡು ಮಹಾಯುದ್ಧಗಳ ನಡುವಿನ ಅವಧಿ, ಅಂದರೆ ಸುಮಾರು 1920ರಿಂದ 1939, ಇಂಗ್ಲಿಷ್ ಪತ್ತೇದಾರಿ ಕಾದಂಬರಿಯ ಸುವರ್ಣಯುಗ ಅನ್ನಿಸಿಕೊಂಡಿದೆ. ಈ ಕಾಲದವರನ್ನು ಓದಲು ಹೊರಟವರು ಸಾಮಾನ್ಯವಾಗಿ ಎಡವುವುದು ಎರಡು ಕಡೆ. ಲೇಖಕರ ಮೊದಲ ಪುಸ್ತಕ ಹುಡುಕಿ ಅಲ್ಲಿಂದ ಸಾಲಾಗಿ ಓದಲು ಕೂರುತ್ತಾರೆ. ಇಲ್ಲವೇ ‘ಇವರಲ್ಲಿ ಎಲ್ಲರಿಗಿಂತ ದೊಡ್ಡವರು ಯಾರು’ ಎಂದು ವಿಚಾರಿಸಿ, ಸಿಕ್ಕ ಹೆಸರಿನ ಪುಸ್ತಕ ತಂದು ನಲವತ್ತನೇ ಪುಟಕ್ಕೆ ಮಡಚಿಡುತ್ತಾರೆ. ತಪ್ಪು ಪುಸ್ತಕದ್ದಲ್ಲ, ಆಯ್ಕೆಯದು.

ನಿಮ್ಮನ್ನೇ ಕೇಳಿಕೊಳ್ಳಬೇಕಾದ್ದು ಇಷ್ಟು: ಕೊಲೆಯಾಗಿದೆ ಅಂದ ಕೂಡಲೇ ತಲೆ ಕೊರೆಯುವುದು ಯಾವುದು? ಯಾರು ಮಾಡಿದ್ದು ಎಂಬುದೇ, ಹೇಗೆ ಮಾಡಿದರು ಎಂಬುದೇ, ಆ ಹೊತ್ತಿಗೆ ಯಾರು ಎಲ್ಲಿದ್ದರು ಎಂಬುದೇ, ಅಥವಾ ಯಾಕಾಗಿ ಎಂಬುದೇ? ಯಾರು ಅನ್ನುವವರಿಗೆ ಅಗಾಥಾ ಕ್ರಿಸ್ಟಿ. ಹೇಗೆ ಅನ್ನುವವರಿಗೆ ಜಾನ್ ಡಿಕ್ಸನ್ ಕಾರ್. ಗಂಟೆ, ನಿಮಿಷ, ರೈಲಿನ ವೇಳಾಪಟ್ಟಿ ಅನ್ನುವವರಿಗೆ ಫ್ರೀಮನ್ ವಿಲ್ಸ್ ಕ್ರಾಫ್ಟ್ಸ್. ಯಾಕೆ ಅನ್ನುವವರಿಗೆ ಡೊರೊತಿ ಎಲ್. ಸೇಯರ್ಸ್, ಇನ್ನೂ ಕಹಿಯಾಗಿ ಬೇಕಿದ್ದರೆ ಆಂಟನಿ ಬಾರ್ಕ್ಲಿ. ಇದು ಒರಟು ಲೆಕ್ಕ, ಆದರೆ ಮೊದಲ ಪುಸ್ತಕ ಕೊಳ್ಳುವ ಮಟ್ಟಿಗೆ ಸಾಕು.

ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿ ಬೆಳೆದವರಿಗೆ ಒಂದು ಮಾತು: ಇಲ್ಲಿ ಬೆನ್ನಟ್ಟುವುದು, ಹೊಡೆದಾಡುವುದು ಕಡಿಮೆ. ಇದು ಲೇಖಕರಿಗೂ ಓದುಗರಿಗೂ ನಡುವಿನ ಆಟ. ಆಟಕ್ಕೆ ಬರೆದಿಟ್ಟ ನಿಯಮಗಳೂ ಇದ್ದವು. ಪಾದ್ರಿಯೂ ಪತ್ತೇದಾರಿ ಲೇಖಕರೂ ಆಗಿದ್ದ ರೊನಾಲ್ಡ್ ನಾಕ್ಸ್ 1929ರಲ್ಲಿ ಹತ್ತು ಕಟ್ಟಳೆ ಹಾಕಿದರು: ಗುಪ್ತದ್ವಾರ ಒಂದಕ್ಕಿಂತ ಹೆಚ್ಚಿರಬಾರದು, ಲೋಕಕ್ಕೆ ಗೊತ್ತಿಲ್ಲದ ವಿಷ ಬಳಸಬಾರದು, ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನಿಗೂ ಕಾಣಿಸಬೇಕು, ಹೀಗೆ. 1930ರಲ್ಲಿ ಬಾರ್ಕ್ಲಿ ಮುಂದಾಳತ್ವದಲ್ಲಿ ಲಂಡನ್ನಿನಲ್ಲಿ ಡಿಟೆಕ್ಷನ್ ಕ್ಲಬ್ ಕಟ್ಟಿದರು, ಜಿ.ಕೆ. ಚೆಸ್ಟರ್‌ಟನ್ ಮೊದಲ ಅಧ್ಯಕ್ಷರು. ಸದಸ್ಯರಾಗುವವರು ದೈವಪ್ರೇರಣೆ, ಕಾಕತಾಳೀಯಗಳನ್ನು ಆತುಕೊಂಡು ಕೊಲೆಗಾರನನ್ನು ಹಿಡಿಯುವುದಿಲ್ಲ ಎಂದು ಪ್ರಮಾಣ ಮಾಡಬೇಕಿತ್ತು. ತಮಾಷೆಯೇ, ಆದರೆ ಅರ್ಧ ತಮಾಷೆ. ಲೇಖಕರು ಒಬ್ಬರಿಂದೊಬ್ಬರು ಬೇರೆಯಾಗುವುದೇ ‘ಸುಳಿವು ಕಾಣಿಸಬೇಕು’ ಎಂಬ ಆ ನಿಯಮವನ್ನು ಎಷ್ಟು ಬಗ್ಗಿಸಿದರು ಎಂಬುದರಲ್ಲಿ.

ಸುಳಿವನ್ನು ಎಲ್ಲಿಡುತ್ತಾರೆ

ಮೂರು ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಕೊಲೆಗಾರ ಯಾರೆಂದು ಇಲ್ಲಿ ಎಲ್ಲೂ ಹೇಳಿಲ್ಲ, ಧೈರ್ಯವಾಗಿ ಓದಿ.

ಕ್ರಿಸ್ಟಿಯ ಮೊದಲ ಕಾದಂಬರಿ ‘ದಿ ಮಿಸ್ಟೀರಿಯಸ್ ಅಫೇರ್ ಆಟ್ ಸ್ಟೈಲ್ಸ್’ (1920). ಸತ್ತಾಕೆಯ ಮಲಗುವ ಕೋಣೆಯನ್ನು ಕ್ರಿಸ್ಟಿಯ ಪತ್ತೇದಾರ ಹರ್ಕ್ಯೂಲ್ ಪೊಯ್ರೊ ನೋಡಿ ಮುಗಿಸಿ, ಗಮನಿಸಬೇಕಾದ ಆರು ಅಂಶಗಳನ್ನು ಎಣಿಸುತ್ತಾನೆ: ಪುಡಿಪುಡಿಯಾದ ಕಾಫಿ ಕಪ್ಪು, ಬೀಗದಲ್ಲೇ ಕೀಲಿ ಉಳಿದ ಕಾಗದಪತ್ರದ ಪೆಟ್ಟಿಗೆ, ನೆಲದ ಮೇಲಿನ ಕಲೆ, ಕಡುಹಸಿರು ಬಟ್ಟೆಯ ಚೂರು, ದೊಡ್ಡದಾಗಿ ಚೆಲ್ಲಿದ ಮೇಣ. ಆರನೆಯದು? ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ ಅನ್ನುತ್ತಾನೆ. ಕ್ರಿಸ್ಟಿಯ ಕೈಚಳಕವೆಲ್ಲ ಈ ಪಟ್ಟಿಯಲ್ಲಿ ಬೀಜದ ಹಾಗಿದೆ. ಐದು ವಸ್ತು ಒಟ್ಟಿಗೆ ಬಂದರೆ ನಾವು ಎದ್ದು ಕಾಣುವ ಒಂದನ್ನು ಹಿಡಿದು ಉಳಿದ ನಾಲ್ಕನ್ನು ಬಿಡುತ್ತೇವೆ. ಮುಂದಿನ ಪುಸ್ತಕಗಳಲ್ಲಿ ಆಕೆ ‘ನನ್ನಲ್ಲೇ ಇಟ್ಟುಕೊಳ್ಳುತ್ತೇನೆ’ ಎಂಬುದನ್ನು ಬಹಳಷ್ಟು ಬಿಟ್ಟು, ಸುಳಿವನ್ನು ಚಹಾ, ಮದುವೆ, ಆಳುಕಾಳಿನ ಹರಟೆಯೊಳಗೆ ಇಟ್ಟು ಬಿಡುತ್ತಾಳೆ. ಯಾರೋ ಬೆನ್ನು ತಿರುಗಿಸಿ ನಿಂತ ರೀತಿ, ಒಂದು ಹೆಸರನ್ನು ಮೊಟಕು ಮಾಡಿ ಕರೆದದ್ದು, ಇಂಥವು. ಪುಸ್ತಕ ಮುಗಿದ ಮೇಲೆ ಹಿಂದಕ್ಕೆ ತಿರುಗಿಸಿದರೆ ಸುಳಿವು ಅಲ್ಲೇ, ಬಟಾಬಯಲಲ್ಲಿ ಕೂತಿರುತ್ತದೆ.

ಸೇಯರ್ಸ್ ಬರೆದ ‘ಫೈವ್ ರೆಡ್ ಹೆರಿಂಗ್ಸ್’ (1931) ನಡೆಯುವುದು ಸ್ಕಾಟ್ಲೆಂಡಿನ ಗ್ಯಾಲೊವೇಯಲ್ಲಿ, ಚಿತ್ರಕಲಾವಿದರ ನಡುವೆ. ನದಿಯಂಚಿನ ಬಂಡೆಯಿಂದ ಬಿದ್ದು ಒಬ್ಬ ಕಲಾವಿದ ಸತ್ತಿದ್ದಾನೆ. ಮೇಲೆ ಅವನ ಅರ್ಧ ಬಿಡಿಸಿದ ಚಿತ್ರ, ಬಣ್ಣದ ಚೀಲ. ಸೇಯರ್ಸ್‌ನ ಪತ್ತೇದಾರ ಲಾರ್ಡ್ ಪೀಟರ್ ವಿಮ್ಸಿ ಚೀಲ, ಜೇಬು ಎಲ್ಲ ತಡಕಾಡಿ, ಇಲ್ಲಿ ಇರಬೇಕಾದ ಒಂದು ವಸ್ತು ಇಲ್ಲ ಅನ್ನುತ್ತಾನೆ. ಅದೇನೆಂದು ಪೊಲೀಸರಿಗೆ ಹೇಳುತ್ತಾನೆ, ನಮಗೆ ಹೇಳುವುದಿಲ್ಲ. ಜಾಣ ಓದುಗರಿಗೆ ತಾವಾಗಿಯೇ ಹೊಳೆಯುವುದರಿಂದ ಈ ಪುಟದಲ್ಲಿ ಅದನ್ನು ಬಿಟ್ಟಿದೆ ಎಂದು ಲೇಖಕಿಯೇ ಕಂಸದಲ್ಲಿ ಬರೆದು ಮುಂದೆ ಹೋಗುತ್ತಾಳೆ! ಸಾಮಗ್ರಿಯ ಪಟ್ಟಿ ನಮ್ಮ ಮುಂದೆಯೇ ಇದೆ. ತೈಲವರ್ಣ ಬಳಸಿ ಗೊತ್ತಿದ್ದವರು ಎರಡು ನಿಮಿಷದಲ್ಲಿ ಹೇಳಿಯಾರು. ಗೊತ್ತಿಲ್ಲದವರು ನೂರಾರು ಪುಟ ಕಾಯಬೇಕು. ಸೇಯರ್ಸ್ ಅಂದರೆ ಇದೇ: ಆಟ ನೇರ, ಆದರೆ ಆಕೆಗೆ ಗೊತ್ತಿರುವುದು ನಿಮಗೂ ಗೊತ್ತಿರಬೇಕು.

ಮೂರನೆಯವರು ಎಲರಿ ಕ್ವೀನ್. ಇದು ಫ್ರೆಡ್ರಿಕ್ ಡ್ಯಾನೆ, ಮ್ಯಾನ್‌ಫ್ರೆಡ್ ಲೀ ಎಂಬ ನ್ಯೂಯಾರ್ಕಿನ ಇಬ್ಬರು ಸೋದರಸಂಬಂಧಿಗಳ ಜಂಟಿ ಹೆಸರು, ಅವರ ಪತ್ತೇದಾರನ ಹೆಸರೂ ಅದೇ. ಇವರು ಕತೆಯನ್ನು ನಡುವೆ ನಿಲ್ಲಿಸಿ, ಬೇಕಾದ ಸುಳಿವೆಲ್ಲ ಈಗ ನಿಮ್ಮ ಕೈಯಲ್ಲಿದೆ, ಕೊಲೆಗಾರ ಯಾರೆಂದು ಹೇಳಿ ಎಂದು ಓದುಗನಿಗೆ ಸವಾಲಿನ ಪುಟವನ್ನೇ ಹಾಕುತ್ತಾರೆ. ‘ದಿ ಡಚ್ ಶೂ ಮಿಸ್ಟರಿ’ಯಲ್ಲಿ (1931) ಆಸ್ಪತ್ರೆಯಲ್ಲಿ ಒಂದು ಜೊತೆ ಬಿಳಿ ಕ್ಯಾನ್ವಾಸ್ ಬೂಟು ಸಿಗುತ್ತದೆ. ಒಂದರ ಲೇಸು ಹರಿದಿದೆ, ಅದನ್ನು ಅಂಟುಪಟ್ಟಿ ಸುತ್ತಿ ಜೋಡಿಸಿದ್ದಾರೆ. ಗಂಟು ಹಾಕದೆ ಪಟ್ಟಿ ಯಾಕೆ ಸುತ್ತಿದರು, ಪಟ್ಟಿ ಎಲ್ಲಿಂದ ಬಂತು ಎಂದು ಒಂದರ ಮೇಲೊಂದು ಕೇಳುತ್ತಾ ಶಂಕಿತರ ಸಂಖ್ಯೆ ಇಳಿಯುತ್ತದೆ. ಕ್ರಿಸ್ಟಿಯ ಉತ್ತರ ‘ಅರೆ, ಹೌದಲ್ಲ!’ ಅನ್ನಿಸಿದರೆ ಕ್ವೀನ್ ಉತ್ತರ ರೇಖಾಗಣಿತದ ಪ್ರಮೇಯದ ಹಾಗೆ, ಹೆಜ್ಜೆ ತಪ್ಪಿಸಲಾಗದು. ಪೆನ್ನು ಕಾಗದ ಹಿಡಿದು ಓದುವವರಿಗೆ ಕ್ವೀನ್‌ಗಿಂತ ಒಳ್ಳೆಯವರಿಲ್ಲ. ಮನುಷ್ಯರು ಬೇಕು ಅನ್ನುವವರಿಗೆ ಆರಂಭದ ಪುಸ್ತಕಗಳು ಒಣ. ಅವರು 1942ರ ‘ಕ್ಯಾಲಮಿಟಿ ಟೌನ್’ ಹಿಡಿಯಲಿ, ಅಲ್ಲಿಂದ ಕ್ವೀನ್ ಬೇರೆಯೇ ಲೇಖಕ.

ಕ್ರಿಸ್ಟಿ: ಯಾವುದರಿಂದ, ಯಾವುದು ಬೇಡ

ಅಗಾಥಾ ಕ್ರಿಸ್ಟಿ (1890–1976) 66 ಪತ್ತೇದಾರಿ ಕಾದಂಬರಿ ಬರೆದಾಕೆ. ಮೊದಲ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಟಾರ್ಕಿ ಪಟ್ಟಣದ ಆಸ್ಪತ್ರೆಯ ಔಷಧಾಲಯದಲ್ಲಿ ಕೆಲಸ ಮಾಡಿದ್ದರಿಂದ ವಿಷದ ವಿಚಾರದಲ್ಲಿ ಕೈ ಪಕ್ಕಾ. ಸ್ಟ್ರಿಕ್ನಿನ್ ಇರಲಿ, ಥ್ಯಾಲಿಯಮ್ ಇರಲಿ, ಪ್ರಮಾಣ, ಲಕ್ಷಣ, ಎಷ್ಟು ಹೊತ್ತಿಗೆ ಕೆಲಸ ಮಾಡುತ್ತದೆ ಎಂಬುದರ ಮೇಲೇ ಕತೆ ಕಟ್ಟುತ್ತಾಳೆ. ಇಂಗ್ಲಿಷ್ ಸರಳ, ವಾಕ್ಯ ಚಿಕ್ಕದು, ಅರ್ಧದಷ್ಟು ಮಾತುಕತೆ. ಇಂಗ್ಲಿಷ್ ಕಾದಂಬರಿಗೆ ಹೊಸಬರಾದ ಕನ್ನಡ ಓದುಗರಿಗೆ ಇದಕ್ಕಿಂತ ಸಲೀಸು ದಾರಿ ಇಲ್ಲ.

ಶುರುವಿಗೆ ‘ದಿ ಎಬಿಸಿ ಮರ್ಡರ್ಸ್’ (1936) ಅಥವಾ ‘ಡೆತ್ ಆನ್ ದಿ ನೈಲ್’ (1937). ‘ದಿ ಮರ್ಡರ್ ಆಫ್ ರಾಜರ್ ಆಕ್ರಾಯ್ಡ್’ (1926) ಪುಸ್ತಕದ ಗುಟ್ಟು ನೂರು ವರ್ಷದಿಂದ ಬಾಯಿಂದ ಬಾಯಿಗೆ ಹರಿದಾಡುತ್ತಿದೆ, ನಿಮಗಿನ್ನೂ ಗೊತ್ತಿಲ್ಲದಿದ್ದರೆ ಮಿಕ್ಕಿದ್ದೆಲ್ಲ ಬಿಟ್ಟು ಅದನ್ನೇ ಮೊದಲು ಓದಿ. ‘ಅಂಡ್ ದೆನ್ ದೇರ್ ವರ್ ನನ್’ (1939) ಕತೆಯ ಚೌಕಟ್ಟು 2015ರ ಕನ್ನಡ ಸಿನಿಮಾ ‘ಆಟಗಾರ’ ನೋಡಿದವರಿಗೆ ಪರಿಚಿತ. ಆದರೂ ಪುಸ್ತಕದ ಬಿಗಿ ಬೇರೆ, ಓದಬಹುದು. ಬರವಣಿಗೆಯ ದೃಷ್ಟಿಯಿಂದ ಎಲ್ಲಕ್ಕಿಂತ ಮೇಲಿನದು, ನಮ್ಮ ಲೆಕ್ಕದಲ್ಲಿ, ‘ಫೈವ್ ಲಿಟಲ್ ಪಿಗ್ಸ್’ (1942): ಹದಿನಾರು ವರ್ಷ ಹಿಂದಿನ ಕೊಲೆ, ಐದು ಜನರ ಐದು ನೆನಪು, ಹೊಸ ಸಾಕ್ಷ್ಯ ಏನೂ ಇಲ್ಲ. ಆದರೆ ಅದರ ರುಚಿ ಹತ್ತುವುದು ಮೂರ್ನಾಲ್ಕು ಪೊಯ್ರೊ ಓದಿದ ಮೇಲೆ.

ಆರಂಭದಲ್ಲಿ ಮುಟ್ಟಬಾರದ್ದು: ‘ದಿ ಬಿಗ್ ಫೋರ್’ (1927), ಬಿಡಿ ಕತೆಗಳನ್ನು ಹೊಲಿದು ಮಾಡಿದ ಗೂಢಚಾರ ಗದ್ದಲ. ‘ಪ್ಯಾಸೆಂಜರ್ ಟು ಫ್ರಾಂಕ್‌ಫರ್ಟ್’ (1970), ‘ಪೋಸ್ಟರ್ನ್ ಆಫ್ ಫೇಟ್’ (1973), ವಯಸ್ಸಾದ ಕಾಲದವು, ಎಳೆ ಕೈಜಾರಿದೆ. ‘ಕರ್ಟನ್’ (1975) ಪೊಯ್ರೊನ ಕೊನೆಯ ಪ್ರಕರಣ, ಕೊನೆಗೇ ಇರಲಿ.

ಕ್ರಮದ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಎರಡು ಹೊಂಡ ಬಿಟ್ಟು. ‘ಕಾರ್ಡ್ಸ್ ಆನ್ ದಿ ಟೇಬಲ್’ನಲ್ಲಿ (1936) ‘ಮರ್ಡರ್ ಆನ್ ದಿ ಓರಿಯೆಂಟ್ ಎಕ್ಸ್‌ಪ್ರೆಸ್’ನ (1934) ಗುಟ್ಟು ಒಂದೇ ವಾಕ್ಯದಲ್ಲಿ ಬಯಲಾಗುತ್ತದೆ. ‘ಡಂಬ್ ವಿಟ್ನೆಸ್’ನಲ್ಲಿ (1937) ಪೊಯ್ರೊ ಮಾತಿನ ಭರದಲ್ಲಿ ಹಿಂದಿನ ನಾಲ್ಕು ಪುಸ್ತಕಗಳ ಕೊಲೆಗಾರರ ಹೆಸರನ್ನೇ ಹೇಳಿಬಿಡುತ್ತಾನೆ, ಆಕ್ರಾಯ್ಡ್ ಪ್ರಕರಣದ್ದೂ ಸೇರಿ. ಇವೆರಡನ್ನು ಕಪಾಟಿನಲ್ಲಿ ಹಿಂದೆ ಸರಿಸಿಡಿ.

ಕ್ರಿಸ್ಟಿಯ ಇನ್ನೊಬ್ಬ ಪತ್ತೇದಾರಳು, ಹಳ್ಳಿಯ ಅಜ್ಜಿ ಮಿಸ್ ಮಾರ್ಪಲ್ ಬೇಕೋ ಪೊಯ್ರೊ ಬೇಕೋ ಎಂಬ ಪ್ರಶ್ನೆಗೆ ಉತ್ತರ ಸುಲಭ. ಒಗಟಿನ ಬಿಗಿ ಪೊಯ್ರೊ ಪುಸ್ತಕಗಳಲ್ಲಿ ಹೆಚ್ಚು, ಊರಿನ ವಾಸನೆ ಮಾರ್ಪಲ್‌ನಲ್ಲಿ ಹೆಚ್ಚು. ಬೀದಿಯ ಯಾವ ಮನೆಗೆ ಯಾರು ಬಂದರು ಹೋದರು ಎಂದು ಕಿಟಕಿಯಿಂದಲೇ ಲೆಕ್ಕವಿಡುವ ಅಜ್ಜಿ ನಿಮ್ಮ ಊರಲ್ಲೂ ಇದ್ದಿದ್ದರೆ ‘ದಿ ಮರ್ಡರ್ ಆಟ್ ದಿ ವಿಕರೇಜ್’ (1930) ಹಿಡಿಯಿರಿ.

ಸೇಯರ್ಸ್: ಕ್ರಮ ಬೇಕಾದ ಒಬ್ಬರೇ

ಡೊರೊತಿ ಸೇಯರ್ಸ್ (1893–1957) ಬರೆದ ಪೀಟರ್ ವಿಮ್ಸಿ ಕಾದಂಬರಿ ಹನ್ನೊಂದೇ. ಕ್ರಿಸ್ಟಿಯ ಓದುಗರು ಇಲ್ಲಿಗೆ ಬಂದು ಸೋಲುವುದಕ್ಕೆ ಮುಖ್ಯ ಕಾರಣ ಭಾಷೆ. ‘ಫೈವ್ ರೆಡ್ ಹೆರಿಂಗ್ಸ್’ ತುಂಬ ಸ್ಕಾಟ್ ಉಚ್ಚಾರಣೆಯನ್ನು ಹಾಗೆಯೇ ಇಳಿಸಿದ ಮಾತುಗಳಿವೆ. ಬೆಂಗಳೂರಿನ ಕನ್ನಡವಷ್ಟೇ ಗೊತ್ತಿದ್ದವರ ಮುಂದೆ ಕುಂದಾಪುರದ ಸಂಭಾಷಣೆ ಇಟ್ಟ ಹಾಗೆ. ಜೊತೆಗೆ ರೈಲು, ಸೈಕಲ್, ಟಿಕೆಟ್‌ಗಳ ಲೆಕ್ಕ. ‘ಹೂಸ್ ಬಾಡಿ?’ (1923) ಮೊದಲ ಪುಸ್ತಕ, ಅಲ್ಲಿ ವಿಮ್ಸಿ ಇನ್ನೂ ಕೋಡಂಗಿ ಸಾಹುಕಾರ. ಎರಡರಿಂದಲೂ ಶುರುಮಾಡಬೇಡಿ.

ಸರಿಯಾದ ಬಾಗಿಲು ‘ಸ್ಟ್ರಾಂಗ್ ಪಾಯ್ಸನ್’ (1930). ನ್ಯಾಯಾಲಯದಲ್ಲಿ ನ್ಯಾಯಾಧೀಶರು ಪ್ರಕರಣವನ್ನೆಲ್ಲ ಜ್ಯೂರಿಗೆ ವಿವರಿಸುವುದರಿಂದ ಕತೆ ತೆರೆಯುತ್ತದೆ. ಆರ್ಸೆನಿಕ್ ಕೊಟ್ಟ ಆರೋಪ ಹೊತ್ತು ನಿಂತವಳು ಪತ್ತೇದಾರಿ ಲೇಖಕಿ ಹ್ಯಾರಿಯೆಟ್ ವೇನ್. ಇಲ್ಲಿಂದ ‘ಹ್ಯಾವ್ ಹಿಸ್ ಕಾರ್ಕೆಸ್’ (1932), ‘ಗಾಡಿ ನೈಟ್’ (1935), ‘ಬಸ್‌ಮನ್ಸ್ ಹನಿಮೂನ್’ (1937), ಈ ನಾಲ್ಕನ್ನು ಇದೇ ಸಾಲಿನಲ್ಲಿ ಓದಬೇಕು. ಹ್ಯಾರಿಯೆಟ್ ಮತ್ತು ವಿಮ್ಸಿ ಸಂಬಂಧ ಪುಸ್ತಕದಿಂದ ಪುಸ್ತಕಕ್ಕೆ ಬೆಳೆಯುತ್ತದೆ. ‘ಗಾಡಿ ನೈಟ್’ನಲ್ಲಿ ಕೊಲೆಯೇ ಇಲ್ಲ. ಆಕ್ಸ್‌ಫರ್ಡಿನ ಮಹಿಳಾ ಕಾಲೇಜೊಂದರಲ್ಲಿ ಹೊಲಸು ಪತ್ರ, ಕಿಡಿಗೇಡಿತನ ಅಷ್ಟೇ. ಓದು ಮತ್ತು ಸಂಸಾರ ಎರಡನ್ನೂ ತೂಗಿಸುವ ಹೆಣ್ಣುಮಕ್ಕಳ ಬಗ್ಗೆ ಇಷ್ಟು ಗಂಭೀರವಾಗಿ ಮಾತಾಡಿದ ಪತ್ತೇದಾರಿ ಕಾದಂಬರಿ ಆ ಕಾಲದಲ್ಲಿ ಇನ್ನೊಂದಿಲ್ಲ. ಹೆಣ ಬೀಳಲಿ ಎಂದು ಕಾದು ಕೂತವರು ಮಾತ್ರ ಬೈದುಕೊಳ್ಳುತ್ತಾರೆ.

ಪ್ರೇಮದ ಎಳೆ ಬೇಡ ಅನ್ನುವವರಿಗೆ ‘ಮರ್ಡರ್ ಮಸ್ಟ್ ಅಡ್ವರ್ಟೈಸ್’ (1933). ಸೇಯರ್ಸ್ 1922ರಿಂದ ಹಲವು ವರ್ಷ ಬೆನ್ಸನ್ಸ್ ಎಂಬ ಜಾಹೀರಾತು ಸಂಸ್ಥೆಯಲ್ಲಿ ಕೆಲಸ ಮಾಡಿದಾಕೆ. ಕಚೇರಿಯ ಕಬ್ಬಿಣದ ಸುರುಳಿ ಮೆಟ್ಟಿಲು, ಕಾಪಿರೈಟರುಗಳ ಜಗಳ, ಕೊನೆ ಗಳಿಗೆಯಲ್ಲಿ ಬದಲಾಗುವ ಘೋಷವಾಕ್ಯ, ಎಲ್ಲ ಒಳಗಿನವರು ಬರೆದ ಹಾಗಿದೆ. ಇಂದಿನ ಯಾವ ಏಜೆನ್ಸಿಯಲ್ಲಿ ಕೆಲಸ ಮಾಡುವವರಿಗೂ ನಗು ಬರುತ್ತದೆ.

ಕಾರ್: ಬಾಗಿಲು ಒಳಗಿನಿಂದ ಚಿಲಕ

ಜಾನ್ ಡಿಕ್ಸನ್ ಕಾರ್ (1906–1977) ಅಮೆರಿಕದವರು, ಬರೆದದ್ದು ಹೆಚ್ಚಾಗಿ ಇಂಗ್ಲೆಂಡಿನ ಬಗ್ಗೆ. ವಸ್ತು ಮತ್ತೆ ಮತ್ತೆ ಒಂದೇ: ಒಳಗಿನಿಂದ ಚಿಲಕ ಹಾಕಿದ ಕೋಣೆಯಲ್ಲಿ ಹೆಣ, ಹೆಜ್ಜೆ ಗುರುತಿಲ್ಲದ ಹಿಮ. ಮೊದಲು ದೆವ್ವದ ಕೆಲಸವೇನೋ ಅನ್ನಿಸಿ, ಕೊನೆಗೆ ಎಲ್ಲಕ್ಕೂ ಮನುಷ್ಯರ ಕೈಯೇ ಕಾರಣ ಎಂದು ತೋರಿಸುತ್ತಾರೆ. ಚೆಸ್ಟರ್‌ಟನ್ ಅವರನ್ನೇ ಮಾದರಿಯಾಗಿಟ್ಟು ಕಡೆದ ದಢೂತಿ ಡಾ. ಗಿಡಿಯನ್ ಫೆಲ್ ಒಬ್ಬ ಪತ್ತೇದಾರ. ಕಾರ್ಟರ್ ಡಿಕ್ಸನ್ ಎಂಬ ಇನ್ನೊಂದು ಹೆಸರಲ್ಲಿ ಬರೆದ ಸರ್ ಹೆನ್ರಿ ಮೆರಿವೇಲ್ ಮತ್ತೊಬ್ಬ. ಅಂಗಡಿಯಲ್ಲಿ ಎರಡೂ ಹೆಸರು ಹುಡುಕಿ.

ಪಟ್ಟಿಗಳೆಲ್ಲ ಮೊದಲು ಹೇಳುವುದು ‘ದಿ ಹಾಲೊ ಮ್ಯಾನ್’ (1935). ಅದರ ಹದಿನೇಳನೇ ಅಧ್ಯಾಯದಲ್ಲಿ ಡಾ. ಫೆಲ್, ನಾವೆಲ್ಲ ಪತ್ತೇದಾರಿ ಕಾದಂಬರಿಯ ಪಾತ್ರಗಳೇ, ಅಲ್ಲವೆಂದು ನಟಿಸುವುದು ಬೇಡ ಎಂದು ಹೇಳಿ, ಮುಚ್ಚಿದ ಕೋಣೆಯಲ್ಲಿ ಕೊಲೆ ಮಾಡುವ ವಿಧಾನಗಳನ್ನೆಲ್ಲ ವರ್ಗ ಮಾಡಿ ಉಪನ್ಯಾಸ ಕೊಡುತ್ತಾನೆ. ಅದ್ಭುತ ಅಧ್ಯಾಯ. ಪುಸ್ತಕವನ್ನೇ ಮೊದಲು ಓದಬೇಕೆಂದಿಲ್ಲ, ಉತ್ತರ ಬಹಳ ಸಿಕ್ಕುಸಿಕ್ಕು. ಹೊಸಬರಿಗೆ ‘ದಿ ಜೂಡಸ್ ವಿಂಡೊ’ (1938) ಒಳ್ಳೆಯದು: ಮದುವೆ ಮಾತಾಡಲು ಭಾವಿ ಮಾವನ ಮನೆಗೆ ಹೋದ ಯುವಕ ವಿಸ್ಕಿ ಕುಡಿದು ಮೂರ್ಛೆ ತಪ್ಪುತ್ತಾನೆ. ಎಚ್ಚರವಾದಾಗ ಬಾಗಿಲು ಕಿಟಕಿ ಭದ್ರ, ಎದುರಿಗೆ ಮಾವನ ಎದೆಯಲ್ಲಿ ಬಾಣ. ಮುಕ್ಕಾಲು ಪಾಲು ಕತೆ ನ್ಯಾಯಾಲಯದಲ್ಲಿ, ಮೆರಿವೇಲೇ ವಕೀಲ. ಎಲ್ಲ ಕೋಣೆಗೂ ಒಂದು ಜೂಡಸ್ ಕಿಟಕಿ ಇದೆ ಎಂದು ಆತ ಪಟ್ಟು ಹಿಡಿಯುತ್ತಾನೆ. ಉತ್ತರ ತಿಳಿದ ಮೇಲೆ ನಿಮ್ಮ ಮನೆಯ ಬಾಗಿಲನ್ನೇ ಒಮ್ಮೆ ತಿರುಗಿ ನೋಡುತ್ತೀರಿ. ಭಯದ ವಾತಾವರಣ ಬೇಕಿದ್ದರೆ ‘ಹಿ ಹೂ ವಿಸ್ಪರ್ಸ್’ (1946). ಮೆರಿವೇಲ್‌ನ ತಡವಾದ ಪುಸ್ತಕಗಳಲ್ಲಿ ಬಿದ್ದು ಎದ್ದು ನಗಿಸುವ ಪ್ರಸಂಗಗಳು ಅತಿಯಾಗಿವೆ, ಬಿಟ್ಟರೆ ನಷ್ಟವಿಲ್ಲ.

ಕಾರ್ ಪರವಾಗಿ ಇನ್ನೊಂದು ಮಾತು. ಡೇವಿಡ್ ಸುಶೆ ನಟಿಸಿದ ಪೊಯ್ರೊ ಸರಣಿ 1989ರಿಂದ 2013ರವರೆಗೆ 70 ಕಂತು ಬಂತು. ಅದನ್ನು ಪೂರ್ತಿ ನೋಡಿದವರಿಗೆ ಪೊಯ್ರೊ ಪುಸ್ತಕಗಳಲ್ಲಿ ಗುಟ್ಟು ಉಳಿದಿರುವುದು ಕಷ್ಟ. ಕಾರ್ ಕತೆಗಳು ಪರದೆಗೆ ಬಂದದ್ದು ಕಡಿಮೆ, ಮೋಸ ಹೋಗುವ ಸುಖ ಇಲ್ಲಿ ಇನ್ನೂ ತಾಜಾ.

ಕ್ರಾಫ್ಟ್ಸ್ ಮತ್ತು ಬಾರ್ಕ್ಲಿ: ಒಬ್ಬರು ಅಂಗುಲ ಅಳೆಯುವವರು, ಒಬ್ಬರು ಅಳತೆಗೋಲನ್ನೇ ಮುರಿದವರು

ಕ್ರಾಫ್ಟ್ಸ್ (1879–1957) ಐರ್ಲೆಂಡಿನಲ್ಲಿ ರೈಲ್ವೆ ಎಂಜಿನಿಯರ್. ‘ದಿ ಕಾಸ್ಕ್’ನಲ್ಲಿ (1920) ಲಂಡನ್ನಿನ ಬಂದರಿನಲ್ಲಿ ಪೀಪಾಯಿಯೊಂದು ಜಾರಿ ಬಿದ್ದು ಬಿರುಕು ಬಿಡುತ್ತದೆ. ಒಳಗಿಂದ ಚಿನ್ನದ ನಾಣ್ಯ, ಹೆಂಗಸಿನ ಕೈ. ಆಮೇಲಿನದ್ದೆಲ್ಲ ಆ ಪೀಪಾಯಿ ಪ್ಯಾರಿಸ್ಸಿಗೂ ಲಂಡನ್ನಿಗೂ ನಡುವೆ ಯಾವ ಹಡಗು, ಯಾವ ಗಾಡಿ, ಯಾರ ರಸೀದಿ ಎಂಬ ಪತ್ತೆ. ಅಲಿಬೈ, ಅಂದರೆ ಆ ಹೊತ್ತಿಗೆ ನಾನು ಬೇರೆಡೆ ಇದ್ದೆ ಎಂಬ ವಾದ, ಒಡೆಯುವುದರಲ್ಲಿ ಇವರನ್ನು ಮೀರಿಸಿದವರಿಲ್ಲ. ಪಾತ್ರಗಳು ಮಾತ್ರ ಸರ್ಕಾರಿ ಫೈಲಿನಿಂದ ಎದ್ದು ಬಂದ ಹಾಗೆ. ಬೇಸರವಾದೀತು ಅನ್ನುವ ಅಳುಕಿದ್ದರೆ ‘ದಿ 12.30 ಫ್ರಮ್ ಕ್ರಾಯ್ಡನ್’ (1934) ತೆಗೆದುಕೊಳ್ಳಿ. ಕೊಲೆಗಾರ ಯಾರೆಂದು ಮೊದಲೇ ಗೊತ್ತು, ಅವನ ಯೋಜನೆ ಎಲ್ಲಿ ಸಡಿಲವಾಗುತ್ತದೆ ಎಂಬುದೇ ಕುತೂಹಲ.

ಬಾರ್ಕ್ಲಿ (1893–1971) ನಿಯಮ ಕಟ್ಟಿದ ಕೈಯಲ್ಲೇ ಅದನ್ನು ಗೇಲಿ ಮಾಡಿದರು. ‘ದಿ ಪಾಯ್ಸನ್ಡ್ ಚಾಕೊಲೇಟ್ಸ್ ಕೇಸ್’ನಲ್ಲಿ (1929) ಒಂದೇ ಕೊಲೆಗೆ ಆರು ಜನ ಆರು ಉತ್ತರ ಕೊಡುತ್ತಾರೆ, ಹಿಂದಿನದನ್ನು ಮುಂದಿನದು ಕೆಡವುತ್ತದೆ. ಪತ್ತೇದಾರನ ತರ್ಕ ಎಷ್ಟು ಸುಲಭವಾಗಿ ಯಾವ ಕಡೆಗೂ ಬಾಗುತ್ತದೆ ಎಂದು ತೋರಿಸುವ ಪುಸ್ತಕ ಇದು, ಆದ್ದರಿಂದ ಹತ್ತಿಪ್ಪತ್ತು ಕಾದಂಬರಿ ಓದಿದ ಮೇಲೆ ಹೆಚ್ಚು ಕಚ್ಚುತ್ತದೆ. ಫ್ರಾನ್ಸಿಸ್ ಐಲ್ಸ್ ಎಂಬ ಹೆಸರಲ್ಲಿ ಬರೆದ ‘ಮ್ಯಾಲಿಸ್ ಅಫೋರ್‌ಥಾಟ್’ (1931) ಹೆಂಡತಿಯನ್ನು ಕೊಲ್ಲಲು ನಿರ್ಧರಿಸಿದ ಹಳ್ಳಿ ಡಾಕ್ಟರನ ಕತೆ, ಆ ನಿರ್ಧಾರವನ್ನು ಮೊದಲ ವಾಕ್ಯವೇ ಹೇಳುತ್ತದೆ. ಮುಂದೆ ಬಂದ ಮನೋವೈಜ್ಞಾನಿಕ ಥ್ರಿಲ್ಲರುಗಳ ಅಜ್ಜ.

ಉಳಿದಿಬ್ಬರು ರಾಣಿಯರು

ಕ್ರಿಸ್ಟಿ, ಸೇಯರ್ಸ್ ಜೊತೆಗೆ ಅಪರಾಧ ಕತೆಯ ರಾಣಿಯರು ಅನ್ನಿಸಿಕೊಂಡವರು ಇನ್ನಿಬ್ಬರು. ನ್ಯೂಜಿಲೆಂಡಿನ ನೈಯೊ ಮಾರ್ಷ್ (1895–1982) ರಂಗಭೂಮಿಯವರು, 32 ಕಾದಂಬರಿ. ಮೊದಲ ಮೂರನೇ ಒಂದು ಭಾಗ ಜೀವಂತ, ಕೊಲೆಯಾಗಿ ಇನ್ಸ್‌ಪೆಕ್ಟರ್ ಆಲಿನ್ ಬಂದು ಒಬ್ಬೊಬ್ಬರನ್ನೇ ಕೂರಿಸಿ ಕೇಳತೊಡಗಿದ ಮೇಲೆ ಕತೆ ಕುಂಟುತ್ತದೆ. ಇದು ಹೆಚ್ಚುಕಡಿಮೆ ಎಲ್ಲ ಪುಸ್ತಕದ ರೋಗ. ‘ಓವರ್ಚರ್ ಟು ಡೆತ್’ನಲ್ಲಿ (1939) ಪಿಯಾನೊ ಒಳಗೆ ಕಟ್ಟಿಟ್ಟ ಪಿಸ್ತೂಲು ಎಡಗಾಲಿನ ಪೆಡಲ್ ಒತ್ತಿದಾಗ ಸಿಡಿಯುತ್ತದೆ. ಅದರಿಂದ ಶುರುಮಾಡಿ. ಮಾರ್ಜರಿ ಆಲಿಂಗ್‌ಹ್ಯಾಮ್ (1904–1966) ಒಗಟಿಗಿಂತ ವಾತಾವರಣಕ್ಕೆ. ‘ಟ್ರೇಟರ್ಸ್ ಪರ್ಸ್’ (1941): ಪತ್ತೇದಾರ ಕ್ಯಾಂಪಿಯನ್ ಆಸ್ಪತ್ರೆಯಲ್ಲಿ ಕಣ್ಣು ಬಿಡುತ್ತಾನೆ, ತಾನು ಯಾರೆಂದೇ ನೆನಪಿಲ್ಲ.

ಕೊಳ್ಳುವ ಮುಂಚೆ

ಒಂದೇ ಪುಸ್ತಕ ಎರಡು ಹೆಸರಲ್ಲಿ ಬರುತ್ತದೆ, ಹಳೆ ಪುಸ್ತಕದಂಗಡಿಯಲ್ಲಿ ಎರಡು ಸಲ ದುಡ್ಡು ಕೊಡುವುದು ಸುಲಭ. ‘ದಿ ಹಾಲೊ ಮ್ಯಾನ್’ ಅಮೆರಿಕದಲ್ಲಿ ‘ದಿ ತ್ರೀ ಕಾಫಿನ್ಸ್’. ‘ಫೈವ್ ಲಿಟಲ್ ಪಿಗ್ಸ್’ ಅಲ್ಲಿ ‘ಮರ್ಡರ್ ಇನ್ ರೆಟ್ರೊಸ್ಪೆಕ್ಟ್’. ‘ಲಾರ್ಡ್ ಎಡ್ಜ್‌ವೇರ್ ಡೈಸ್’ ಅಲ್ಲಿ ‘ಥರ್ಟೀನ್ ಆಟ್ ಡಿನ್ನರ್’. ‘ಡೆತ್ ಇನ್ ದಿ ಕ್ಲೌಡ್ಸ್’ ಅಲ್ಲಿ ‘ಡೆತ್ ಇನ್ ದಿ ಏರ್’. ಶೀರ್ಷಿಕೆ ಪುಟದ ಹಿಂಬದಿ ನೋಡಿ, ಮೊದಲ ಹೆಸರು ಸಾಮಾನ್ಯವಾಗಿ ಅಲ್ಲಿರುತ್ತದೆ. ಮುನ್ನುಡಿಯನ್ನು ಕೊನೆಗೆ ಓದಿ, ವಿದ್ವಾಂಸರಿಗೆ ಗುಟ್ಟು ಉಳಿಸುವ ಅಭ್ಯಾಸ ಕಡಿಮೆ. ಯಹೂದಿಗಳು, ವಿದೇಶಿಯರು, ಆಳುಗಳ ಬಗ್ಗೆ ಆ ಕಾಲದ ಬಿಳಿಯರ ತಾತ್ಸಾರ ಹಲವರಲ್ಲಿ ಇದೆ. ಕ್ರಿಸ್ಟಿ, ಸೇಯರ್ಸ್ ಇದಕ್ಕೆ ಹೊರತಲ್ಲ.

ಕನ್ನಡಕ್ಕೆ ತರುವ ಆಸೆ ಇರುವವರಿಗೆ ಆಯ್ಕೆಯ ಲೆಕ್ಕವೇ ಬೇರೆ. ಭಾರತದಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. 1957ರಲ್ಲಿ ತೀರಿಕೊಂಡ ಸೇಯರ್ಸ್, ಕ್ರಾಫ್ಟ್ಸ್ ಇಬ್ಬರ ಹಕ್ಕೂ 2017ರ ಕೊನೆಗೆ ಮುಗಿದಿದೆ. ಆಲಿಂಗ್‌ಹ್ಯಾಮ್ ಹಕ್ಕು 2026ರ ಕೊನೆಗೆ, ಕ್ರಿಸ್ಟಿಯದು 2036ರ ಕೊನೆಗೆ. ಕ್ರಾಫ್ಟ್ಸ್ ನೇರ ಗದ್ಯ, ತೊಡಕಿಲ್ಲ. ಸೇಯರ್ಸ್‌ನ ‘ದಿ ನೈನ್ ಟೇಲರ್ಸ್’ (1934) ಮುಟ್ಟುವವರು ಮಾತ್ರ ಗಟ್ಟಿ ಮನಸ್ಸು ಮಾಡಬೇಕು. ಹೊಸ ವರ್ಷದ ರಾತ್ರಿ ಚರ್ಚಿನ ಎಂಟು ಗಂಟೆಗಳನ್ನು ಒಂಬತ್ತು ತಾಸು ಬಿಡದೆ, ಪ್ರತಿ ಸಲ ಅವುಗಳ ಸರದಿ ಬದಲಿಸುತ್ತಾ, 15,840 ಬದಲಾವಣೆಗಳಲ್ಲಿ ಬಾರಿಸುವುದರಿಂದ ಕತೆ ಶುರು, ಆ ಗಂಟೆವಿದ್ಯೆಯ ಪರಿಭಾಷೆಗೆ ಕನ್ನಡದಲ್ಲಿ ಪದಗಳನ್ನು ಹೊಸದಾಗಿಯೇ ಮಾಡಿಕೊಳ್ಳಬೇಕು. ಹೆಸರನ್ನು ‘ಒಂಬತ್ತು ದರ್ಜಿಗಳು’ ಅಂದರೆ ಮೊದಲ ಹೆಜ್ಜೆಯಲ್ಲೇ ಎಡವಿದಂತೆ: ಟೇಲರ್ ಅಂದರೆ ಇಲ್ಲಿ ಬಟ್ಟೆ ಹೊಲಿಯುವವನಲ್ಲ, ಊರಲ್ಲಿ ಗಂಡಸು ಸತ್ತಾಗ ಚರ್ಚಿನ ದೊಡ್ಡ ಗಂಟೆ ಹೊಡೆಯುವ ಒಂಬತ್ತು ಸಾವಿನ ಪೆಟ್ಟು.